ಮಸಿ ಬೀಳುವ ತನಕ

ನಮ್ಮೂರಿನಲ್ಲಿ ಸೌತೆಕಾಯಿ ಕೊಳ್ಳಲು ಬಂದ ಹೆಂಗಸು ತಕ್ಕಡಿಯ ಮುಂದೆ ನಿಂತು ಬಿಕ್ಕಿ ಬಿಕ್ಕಿ ಅತ್ತರೆ ಅಂಗಡಿಯವನು ಗಾಬರಿಯಾಗುವುದಿಲ್ಲ. "ಯಾವ ಪದ್ಯಕ್ಕೆ ಕೂತಿದ್ದೀರಮ್ಮಾ?" ಎಂದು ಕೇಳುತ್ತಾನೆ. ವಿರಹದ ಪದ್ಯವಾದರೆ ಒಂದು ಕಾಯಿ ಹೆಚ್ಚಿಗೆ ಹಾಕಿ ಕಳಿಸುತ್ತಾನೆ. ವೀರರಸದ್ದಾದರೆ ಚೌಕಾಸಿಗೆ ಹೋಗದೆ ಕೈ ಮುಗಿಯುತ್ತಾನೆ. ಪದ್ಯದ ಚಿತ್ರಕ್ಕೆ ಮಾದರಿಯಾಗಿ ಕೂತವರಿಗೆ, ಕರಡಿನಲ್ಲಿ ಅವರ ಮುಖದ ಗೆರೆ ಬಿದ್ದ ಗಳಿಗೆಯಿಂದ ಆ ಪದ್ಯದ ಭಾವ ಹತ್ತಿಕೊಳ್ಳುತ್ತದೆ. ಪೆನ್ಸಿಲ್ಲಿನ ಮೇಲೆ ಮಸಿ ಬಿದ್ದು, ಚಿತ್ರ ಮುಗಿದು, ಅಚ್ಚಿನ ಬ್ಲಾಕು ಮಾಡುವವನ ಕೈಗೆ ಹೋಗುವಂತಾಗುವ ತನಕ ಬಿಡುವುದಿಲ್ಲ. ಇದು ಮಳೆ ಬಂದರೆ ನೆನೆಯುತ್ತೇವೆ ಎನ್ನುವಷ್ಟೇ ಸಾಧಾರಣ ಸಂಗತಿ; ನಮ್ಮಲ್ಲಿ ಯಾರೂ ಇದರ ಬಗ್ಗೆ ತಲೆ ಕೆಡಿಸಿಕೊಂಡವರಲ್ಲ.

ನಾನು ಹೇಳುತ್ತಿರುವುದು ಭಾವಗೀತೆಗಳ ಕಾಲದ ಮಾತು. ಆಗ ಊರಿನ ಮೂವರು ಗಂಡಸರಲ್ಲಿ ಒಬ್ಬ ಕವಿ, ಉಳಿದಿಬ್ಬರು ಕವಿಯಾಗುವ ತಯಾರಿಯಲ್ಲಿದ್ದವರು. ಚಂದ್ರ, ಹೊಳೆ, ಇಬ್ಬನಿ, ನಲ್ಲೆ ಇವು ನಾಲ್ಕು ಇಲ್ಲದಿದ್ದರೆ ಅಚ್ಚುಕೂಟಕ್ಕೆ ಕೆಲಸವೇ ಇರುತ್ತಿರಲಿಲ್ಲ. ಚಿತ್ರವಿಲ್ಲದ ಕವನದ ಪುಸ್ತಕವನ್ನು ಯಾರೂ ಮೂಸಿಯೂ ನೋಡುತ್ತಿರಲಿಲ್ಲವಾದ್ದರಿಂದ ಯಾವ ಹೊತ್ತಿನಲ್ಲಿ ನೋಡಿದರೂ ಊರಿನಲ್ಲಿ ಹತ್ತಾರು ಜನ ಯಾವುದೋ ಪದ್ಯಕ್ಕೆ ಕೂತವರು ಇದ್ದೇ ಇರುತ್ತಿದ್ದರು. ಅವರು ಮಣಿಕಟ್ಟಿಗೆ ನೀಲಿ ದಾರ ಕಟ್ಟಿಕೊಳ್ಳಬೇಕು. ಮದುವೆ ದಲ್ಲಾಳಿಗಳು ಹುಡುಗಿಯ ಒಪ್ಪಿಗೆ ಕೇಳುವ ಮೊದಲು ಮಣಿಕಟ್ಟು ನೋಡುತ್ತಾರೆ. ನೀಲಿ ದಾರದವರ ಸಾಕ್ಷಿ ಕೋರ್ಟಿನಲ್ಲಿ ನಡೆಯುವುದಿಲ್ಲ. ಪರೀಕ್ಷೆ ಹತ್ತಿರ ಬಂತೆಂದರೆ ತಾಯಂದಿರು ಮಕ್ಕಳನ್ನು ಅರುಣೋದಯದ ಪದ್ಯಕ್ಕೆ ಕೂರಿಸಲು ಚಿತ್ರಕಾರರ ಮನೆಯ ಮುಂದೆ ಸಾಲು ನಿಲ್ಲುತ್ತಾರೆ. ಹಾಸ್ಯಗೀತೆಗೆ ಕೂತವರು ಸಾವಿನ ಮನೆಗೆ ಹೋದಾಗ ಬೀದಿಯಲ್ಲೇ ನಿಂತು ಹೂವಿನ ಹಾರವನ್ನು ಒಳಗೆ ಕಳಿಸುತ್ತಾರೆ. ಹೀಗೆ ಹೊಂದಿಕೊಂಡು ಬದುಕಿದ್ದೇವೆ.

ನನ್ನ ಹೆಸರು ದೇವೀರಮ್ಮ. ಊರಿನವರು ತಾಳ್ಮೆಯ ದೇವೀರಮ್ಮ ಎನ್ನುತ್ತಿದ್ದರು. ಮಕ್ಕಳಿಗೆ ಬುದ್ಧಿ ಹೇಳುವಾಗ ನನ್ನ ಕಡೆ ಬೆರಳು ತೋರಿಸುತ್ತಿದ್ದರು. ನಾನೂ ಮುಖವನ್ನು ಆದಷ್ಟು ಶಾಂತವಾಗಿಟ್ಟುಕೊಂಡು ಆ ಬೆರಳಿಗೆ ತಕ್ಕ ಹಾಗೆ ನಿಲ್ಲುತ್ತಿದ್ದೆ. ಆದರೆ ಆ ತಾಳ್ಮೆ ನನ್ನದಲ್ಲ. ಅದು ಕುಮುದಪ್ರಿಯ ಎಂಬ ಕವಿಯದು.

ಹುಟ್ಟಿನಿಂದ ನಾನು ಸಿಡುಕಿ. ಅನ್ನ ಬೇಯುವುದನ್ನು ಕಾಯಲಾರದೆ ಮುಚ್ಚಳವನ್ನು ಹತ್ತು ಸಲ ತೆಗೆದು ನೋಡಿ, ಅದೇ ಕಾರಣಕ್ಕೆ ಅನ್ನ ಬೇಯದೆ, ಪಾತ್ರೆಯನ್ನು ಬೈಯುತ್ತಿದ್ದ ಹೆಂಗಸು. ಅಂಥವಳಿಗೆ ಸಿಕ್ಕ ಗಂಡ ಹಾಲಪ್ಪನವರು. ಅವರು ಅಚ್ಚುಕೂಟದ ಹಿಂದಿನ ಕೊಠಡಿಯಲ್ಲಿ ಪುಸ್ತಕ ಹೊಲಿಯುತ್ತಿದ್ದರು. ನಾನು ಅದೇ ಕೊಠಡಿಯ ಮೂಲೆಯಲ್ಲಿ ರಟ್ಟು ಹಚ್ಚಲು ಮೈದಾ ಅಂಟು ಕಾಯಿಸುತ್ತಿದ್ದೆ. ಒಳ್ಳೆಯ ಮನುಷ್ಯ. ಕುಡಿತವಿಲ್ಲ, ಕೈ ಮಾಡಿದವರಲ್ಲ, ಬಡಿಸಿದ್ದನ್ನು ಉಂಡು ಎದ್ದವರು. ಇದ್ದದ್ದು ಒಂದೇ ದೋಷ, ಮಾತು. ಕುಡಿಯಲು ನೀರು ಕೇಳಬೇಕಾದರೂ ಬಾವಿಯಿಂದ ಶುರು ಮಾಡುವರು. ಬಾವಿ ತೋಡಿಸಿದವನು ಯಾರು, ಅವನೂ ಅವನ ತಮ್ಮನೂ ಪಾಲಾದದ್ದು ಯಾಕೆ, ಆ ಪಾಲಿನಲ್ಲಿ ಕಪ್ಪು ಹಸು ಯಾರಿಗೆ ಹೋಯಿತು, ಹಸುವಿನ ಕೊಂಬು ಮುರಿದದ್ದು ಹೇಗೆ. ಅಷ್ಟರಲ್ಲಿ ಅವರ ಬಾಯಾರಿಕೆ ತಾನಾಗಿಯೇ ಇಂಗಿರುತ್ತಿತ್ತು.

ಮದುವೆಯಾದ ನಾಲ್ಕೈದು ವರ್ಷಕ್ಕೆ ನಾನು ತೀರ್ಮಾನಕ್ಕೆ ಬಂದೆ. ಇವರ ಜೊತೆ ಬಾಳಬಹುದು, ಇವರ ಮಾತಿನ ಜೊತೆ ಆಗುವುದಿಲ್ಲ. ಒಂದು ಬೆಳಿಗ್ಗೆ ಉಪ್ಪು ತಂದಿದ್ದೀರಾ ಎಂದು ಕೇಳಿದೆ. ಅವರು ಸಮುದ್ರದ ಕಡೆ ಹೋದ ಸೋದರಮಾವನಿಂದ ಆರಂಭಿಸಿದರು. ನಾನು ಎದ್ದು ಬಟ್ಟೆ ಗಂಟು ಕಟ್ಟಿದೆ.

"ಸಾಯಂಕಾಲ ತವರಿಗೆ ಹೋಗ್ತೀನಿ. ವಾಪಸ್ ಬರಲ್ಲ," ಎಂದೆ.

"ತವರಿಗೆ ಅಂದ್ಯಲ್ಲ, ಆ ದಾರೀಲಿ ಒಂದು ಹುಣಸೇಮರ ಇದೆ ನೋಡು," ಎಂದು ಅವರು ಶುರು ಮಾಡಿದರು. ಹುಣಸೇಮರದ ಕೆಳಗೆ ಅವರನ್ನು ಬಿಟ್ಟು ನಾನು ಕೆಲಸಕ್ಕೆ ಹೋದೆ. ಅಂಟು ಅರ್ಧಕ್ಕೆ ಬಿಟ್ಟರೆ ಗಂಟು ಕಟ್ಟುತ್ತದೆ; ಗಂಡನನ್ನು ಬಿಡುವ ದಿನವೂ ಅದನ್ನು ಕಾಯಿಸಲೇಬೇಕು.

ಅಲ್ಲಿಗೆ ಬಂದರು ತಮ್ಮಾಜಿರಾಯರು. ನಮ್ಮೂರಿನ ಅರ್ಧಕ್ಕರ್ಧ ಪದ್ಯಗಳಿಗೆ ಚಿತ್ರ ಬರೆದವರು ಅವರೇ. ಒಂದು ಪುಟದ ಚಿತ್ರಕ್ಕೆ ಹತ್ತು ಕರಡು ಮಾಡುವ ಮನುಷ್ಯ. ಮೊದಲು ಹೆಬ್ಬೆರಳಿನಷ್ಟು, ಆಮೇಲೆ ಅಂಗೈಯಷ್ಟು, ಆಮೇಲೆ ಚೌಕುಳಿ ಗೆರೆ ಹಾಕಿ ಪುಟದಷ್ಟು. ತಪ್ಪಿದ ಗೆರೆಯನ್ನು ಬ್ರೆಡ್ಡಿನ ಮೆದುವಿನಿಂದ ಉಜ್ಜಿ ತೆಗೆಯುವರು. ಉಜ್ಜಿದ ಬ್ರೆಡ್ಡನ್ನು ಮರೆತು ಬಾಯಿಗೆ ಹಾಕಿಕೊಳ್ಳುವರು. ಹೀಗಾಗಿ ಅವರ ಹಲ್ಲಿಗೆ ಯಾವಾಗಲೂ ಸೀಸದ ಬಣ್ಣ.

"ದೇವೀರಮ್ಮಾ, ಸ್ವಲ್ಪ ಹೊತ್ತು ಕೂತ್ಕೋತೀರಾ? ಕುಮುದಪ್ರಿಯರ ಹೊಸ ಪದ್ಯ, 'ಹಾದಿ ನೋಡುವ ಹೆಣ್ಣು' ಅಂತ. ಕಿಟಕಿ ಹತ್ರ ಒಬ್ಬಳು ಕೂತು ಕಾಯ್ತಿರಬೇಕು, ಅಷ್ಟೆ."

"ನಾನು ಸಾಯಂಕಾಲ ಊರು ಬಿಡ್ತಿದೀನಿ ರಾಯರೇ."

"ಸಾಯಂಕಾಲಕ್ಕೆ ಇನ್ನೂ ಹೊತ್ತಿದೆಯಲ್ಲ."

ಆಗ ನನಗೆ ಓದು ಬರಹ ಬಾರದು. ಪದ್ಯದಲ್ಲಿ ಏನಿದೆ ಎಂದು ಕೇಳುವ ಬುದ್ಧಿಯೂ ಬರಲಿಲ್ಲ. ಕಿಟಕಿಯ ಸರಳು ಹಿಡಿದು ಕೂತೆ. ಕವಿ ಕುಮುದಪ್ರಿಯರು, ಅವರ ಮನೆಯಲ್ಲಿ ಕರೆಯುವ ಹೆಸರು ಕೆಂಚಪ್ಪ, ರಾಯರ ಬೆನ್ನ ಹಿಂದೆ ನಿಂತು ನಶ್ಯ ಏರಿಸುತ್ತಾ ನೋಡುತ್ತಿದ್ದರು. ರಾಯರ ಪದ್ಧತಿಯೆಂದರೆ ಮೊದಲು ಕೈ, ಕೊನೆಗೆ ಮುಖ. ನನಗೋ ಮನಸ್ಸೆಲ್ಲ ಆ ಗಂಟಿನ ಮೇಲೆ. ಬೆರಳುಗಳು ಸರಳಿನ ಮೇಲೆ ತಾಳ ಹಾಕುತ್ತಿದ್ದವು. ರಾಯರು ಅದನ್ನೇ ಬರೆದರು. ಕೈಯೊಂದೇ ಮುಗಿದಾಗ ಕವಿಗಳು ಬಗ್ಗಿ ನೋಡಿ ಹೌಹಾರಿದರು.

"ಏನ್ರೀ ರಾಯರೇ ಇದು! ನನ್ನ ನಾಯಕಿ ಕಾಯ್ತಿರೋದು ನಲ್ಲನಿಗೆ. ಈ ಕೈ ನೋಡಿದ್ರೆ ಒಲೆ ಮೇಲಿನ ಹಾಲಿಗೆ ಕಾಯ್ತಿರೋ ಹಾಗಿದೆ!"

ರಾಯರು ನಿಟ್ಟುಸಿರು ಬಿಟ್ಟು ಬ್ರೆಡ್ಡು ತೆಗೆದುಕೊಂಡು ಕೈಯನ್ನು ಉಜ್ಜಿಬಿಟ್ಟರು. ಆಮೇಲೆ ನೋಡೋಣವೆಂದು ಮುಖ ಬರೆದರು. ಗಲ್ಲದ ಗೆರೆ ಬಂದು ಕಿವಿಯ ಹತ್ತಿರ ಸೇರಿತು ನೋಡಿ, ಹಿಟ್ಟಿನ ಗಿರಣಿ ನಿಂತಾಗ ಅಷ್ಟು ಹೊತ್ತು ಸದ್ದಿತ್ತು ಎಂದು ಗೊತ್ತಾಗುತ್ತದಲ್ಲ, ನನ್ನೊಳಗೆ ಹಾಗಾಯಿತು. ಮನೆಗೆ ಹೋದೆ. ಯಜಮಾನರು ಇನ್ನೂ ಹುಣಸೇಮರದ ಹತ್ತಿರವೇ ಇದ್ದರು. ನಾನು ಗಂಟಿನ ಮೇಲೆ ಕೂತು "ಹೂಂ, ಆಮೇಲೆ?" ಎಂದೆ. ಅವರು ನನ್ನ ಮಣಿಕಟ್ಟಿನ ನೀಲಿ ದಾರ ನೋಡಿದರು. ಮುಂದುವರಿಸಿದರು.

ಮಸಿ ಬಿದ್ದ ಮೇಲೆ ಹೋದರಾಯಿತು ಎಂದುಕೊಂಡೆ. ಬೇರೆಯವರಿಗೆ ವಾರಕ್ಕೋ ಹದಿನೈದು ದಿನಕ್ಕೋ ಮಸಿ ಬೀಳುತ್ತದೆ. ನನ್ನ ಚಿತ್ರಕ್ಕೆ ಮಾತ್ರ ಕೈ ಕೂಡಿಬರಲಿಲ್ಲ. ರಾಯರು ಕರೆದಾಗಲೆಲ್ಲ ಹೋಗಿ ಕೂತೆ. ಕಿಟಕಿ ಎಡಕ್ಕೆ ಹೋಯಿತು, ಬಲಕ್ಕೆ ಬಂತು, ದೀಪ ಬಂತು, ಜಿಂಕೆ ಬಂತು, ಜಿಂಕೆ ಹೋಯಿತು. ಕೈ ಮಾತ್ರ ಬರಲಿಲ್ಲ. ಕವಿಗಳು ರಾಯರ ಜೊತೆ ಜಗಳವಾಡಿಕೊಂಡು, ಆ ಪದ್ಯ ಬಿಟ್ಟು ಪುಸ್ತಕ ಮಾಡುವುದಿಲ್ಲ ಎಂದು ಹಟ ಹಿಡಿದರು. ಪುಸ್ತಕ ನಿಂತಿತು. ಹೀಗೆ ಮೂವತ್ತು ವರ್ಷ ಕಳೆಯಿತು. ನನಗೇನೂ ಅನ್ನಿಸಲಿಲ್ಲ, ಅನ್ನಿಸದಿರುವುದೇ ನನ್ನ ಕಾಯಿಲೆಯಾಗಿತ್ತಲ್ಲ.

ಆ ಮೂವತ್ತು ವರ್ಷದ ಸಾಧನೆಗಳನ್ನು ಹೇಳಿದರೆ ನೀವು ನಗುತ್ತೀರಿ. ಮಗಳು ಹುಟ್ಟುವಾಗ, ನೋವಿನ ನಡುವೆ, ಸೂಲಗಿತ್ತಿಗೆ "ಊಟ ಮುಗಿಸಿಕೊಂಡೇ ಬನ್ನಿ" ಎಂದು ಹೇಳಿ ಕಳಿಸಿದೆನಂತೆ. ಸೀಮೆಎಣ್ಣೆಯ ಸಾಲಿನಲ್ಲಿ ಬೀದಿಯವರೆಲ್ಲರ ಡಬ್ಬಗಳ ಜೊತೆ ನಾನೊಬ್ಬಳೇ ನಿಲ್ಲುತ್ತಿದ್ದೆ. ಊರಿನ ಕವಿಗಳಿಗಂತೂ ನಾನು ದೇವರು ಕೊಟ್ಟ ವರ. ಹನ್ನೆರಡು ಸರ್ಗದ ಕಾವ್ಯ ಬರೆದವನು ಮೊದಲು ನನ್ನ ಜಗಲಿಗೆ ಬರುತ್ತಿದ್ದ. ನನಗೆ ಅಕ್ಷರ ಬಾರದಿದ್ದದ್ದು ಅವರಿಗೆ ಇನ್ನೂ ಅನುಕೂಲವಾಗಿತ್ತು. ಕೊನೆಯವರೆಗೆ ಕೇಳುತ್ತೇನೆ, ತಪ್ಪು ಹಿಡಿಯುವುದಿಲ್ಲ. ಸಹೃದಯಿ ಎಂದು ಶಾಲು ಕೂಡ ಹೊದಿಸಿದರು. ಹೊದ್ದುಕೊಂಡೆ. ಸೆಕೆಯಾಗಿತ್ತು, ಆದರೂ ತೆಗೆಯಲಿಲ್ಲ.

ಐವತ್ತು ದಾಟಿದ ಮೇಲೆ ರಾತ್ರಿ ಶಾಲೆಗೆ ಸೇರಿದೆ. ಪಾಠ ಹೇಳಲು ಬಂದ ಜಯಶೀಲಾ ಟೀಚರ್ ನನ್ನ ಮಗಳಿಗಿಂತ ಚಿಕ್ಕವಳು. ಒತ್ತಕ್ಷರಕ್ಕೆ ಉಳಿದವರು ಸ್ಲೇಟು ಎಸೆದು ಎದ್ದು ಹೋದರೂ ನಾನು ಹೋಗಲಿಲ್ಲ. ಅದರಲ್ಲಿ ನನ್ನ ಹೆಚ್ಚುಗಾರಿಕೆ ಏನೂ ಇಲ್ಲವೆಂದು ಈಗ ನಿಮಗೆ ಗೊತ್ತಾಗಿದೆ. ಒಂದು ದಿನ ಟೀಚರ್ 'ನನ್ನ ಸ್ವಭಾವ' ಎಂದು ಬೋರ್ಡಿನ ಮೇಲೆ ಬರೆದು, ಹತ್ತು ಸಾಲು ಬರೆಯಿರಿ ಎಂದಳು. 'ನಾನು ತಾಳ್ಮೆಯವಳು' ಎಂದು ಬರೆದೆ. ಮುಂದೆ ಕೈ ಓಡಲಿಲ್ಲ. ಬರೆದದ್ದನ್ನೇ ನೋಡುತ್ತಾ ಕೂತೆ. ಇದು ಕುಮುದಪ್ರಿಯರ ಸ್ವಭಾವ; ನನ್ನದು ಎಲ್ಲಿ? ಟೀಚರ್ ಬಂದು "ಯಾಕಜ್ಜಿ, ಪದ ಸಿಗ್ತಿಲ್ವಾ?" ಎಂದಳು. "ಪದ ಇದೆ ಕಣಮ್ಮ, ಅದು ನಂದಲ್ಲ," ಎಂದೆ. ಅವಳು ಬೆನ್ನು ತಟ್ಟಿ ಮುಂದಿನ ಬೆಂಚಿಗೆ ಹೋದಳು.

ಮಾರನೆಯ ದಿನ ಅಚ್ಚುಕೂಟಕ್ಕೆ ಹೋಗಿ, ಅಚ್ಚಿನ ಮೊಳೆ ಜೋಡಿಸದೆ ಉಳಿದಿದ್ದ ಆ ಪದ್ಯದ ಹಸ್ತಪ್ರತಿಯನ್ನು ಇಸಿದುಕೊಂಡು ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಿದೆ. ಮೂವತ್ತು ವರ್ಷ ನನ್ನ ರಕ್ತದಲ್ಲಿ ಓಡಿದ ಪದ್ಯ. ನಲ್ಲ ಬರುತ್ತಾನೆ, ಬರುತ್ತಾನೆ ಎಂದು ಹನ್ನೊಂದು ನುಡಿ. ನಡುವೆ ಮಲ್ಲಿಗೆ ಮೂರು ಸಲ ಅರಳುತ್ತದೆ. ಕಾರಣವಿಲ್ಲದೆ ಒಂದು ಜಿಂಕೆ ಹಾದುಹೋಗುತ್ತದೆ. ಕೊನೆಯ ನುಡಿಯಲ್ಲಿಯೂ ಅವನು ಬರುವುದಿಲ್ಲ. ಬಾಯಿಬಿಟ್ಟು ಹೇಳಬೇಕೆಂದರೆ ಪದ್ಯ ಸುಮಾರಾಗಿತ್ತು. ಇನ್ನೂ ಒಳ್ಳೆಯ ಪದ್ಯಕ್ಕೆ ಕೂತಿದ್ದರೆ ಇನ್ನೂ ಒಳ್ಳೆಯ ತಾಳ್ಮೆ ಬರುತ್ತಿತ್ತೇನೋ ಎಂದು ಹೊಟ್ಟೆಕಿಚ್ಚಾಗಬೇಕಿತ್ತು. ಆಗಲಿಲ್ಲ.

ನೇರ ತಮ್ಮಾಜಿರಾಯರ ಮನೆಗೆ ಹೋದೆ. ಅವರಿಗೆ ಎರಡೂ ಕಣ್ಣಿಗೆ ಪೊರೆ ಬರುತ್ತಿತ್ತು. ಕರಡು ಬರೆದ ಕೈಯೇ ಮಸಿ ಹಾಕಬೇಕು. ಬೇರೆ ಕೈ ಹಾಕಿದರೆ ಭಾವ ಬಿಡುವುದಿಲ್ಲ. ಪಕ್ಕದ ಬೀದಿಯ ಗುರುಬಸಪ್ಪ ವಸಂತದ ಪದ್ಯಕ್ಕೆ ಕೂತಾಗ ಬರೆಯುತ್ತಿದ್ದ ಚಿತ್ರಕಾರ ನಡುವೆಯೇ ತೀರಿಕೊಂಡ. ಗುರುಬಸಪ್ಪ ತನ್ನ ಹೆಂಡತಿಯ ತಿಥಿಯ ದಿನವೂ ಶಿಳ್ಳೆ ಹಾಕುತ್ತಲೇ ಇದ್ದ. ಸಾಯುವಾಗಲೂ ಉಲ್ಲಾಸವಾಗಿಯೇ ಇದ್ದನಂತೆ. ಅದನ್ನು ನೋಡಿದವರು ವಾರಗಟ್ಟಲೆ ನಿದ್ದೆ ಮಾಡಲಿಲ್ಲ.

"ರಾಯರೇ, ನಿಮ್ಮ ಕಣ್ಣು ಹೋಗೋದ್ರೊಳಗೆ ನನ್ನ ಚಿತ್ರಕ್ಕೆ ಮಸಿ ಹಾಕಿಬಿಡಿ," ಎಂದೆ. "ನಾನು ಹೇಗಿದ್ದೆ ಅಂತ ಸಾಯೋ ಮುಂಚೆ ಒಂದ್ಸಲ ನೋಡ್ಬೇಕು."

ರಾಯರು ಗೋಡೆಯ ಗೂಡಿನಿಂದ ಕರಡುಗಳ ಕಟ್ಟು ತೆಗೆದರು. ಎಲ್ಲದರಲ್ಲೂ ನಾನೇ. ಚಿಕ್ಕವಳಾದ ನಾನು, ದಪ್ಪಗಾದ ನಾನು, ತಲೆ ನರೆತ ನಾನು. ಪ್ರತಿಯೊಂದರಲ್ಲೂ ಕೈ ಇರಬೇಕಾದ ಕಡೆ ಉಜ್ಜಿ ಉಜ್ಜಿ ಕಾಗದ ಜಾಳಾಗಿತ್ತು.

"ತಪ್ಪು ನಿಮ್ಮದಲ್ಲ ದೇವೀರಮ್ಮ. ನನಗೆ ತಡವಾಗಿ ತಿಳೀತು. ಮುಖ ಬರೆದ ಮೇಲೆ ನಿಮಗೆ ಎಂಥಾ ತಾಳ್ಮೆ ಬಂತು ಅಂದ್ರೆ, ನೀವು ಕಾಯ್ತಿರೋ ಹಾಗೇ ಕಾಣಲ್ಲ. ಸುಮ್ನೆ ಕೂತಿರೋ ಹಾಗೆ ಕಾಣ್ತೀರಿ. ಕಾಯೋರಿಗೆ ಎಲ್ಲೋ ಒಂದು ಕಡೆ ಚಡಪಡಿಕೆ ಬೇಕು. ಬೆರಳಿನ ತುದೀಲಾದ್ರೂ. ಅದು ಇದ್ದದ್ದು ಮೊದಲನೇ ದಿನ. ಕೆಂಚಪ್ಪನ ಮಾತು ಕೇಳಿ ಅದನ್ನ ಬ್ರೆಡ್ಡಲ್ಲಿ ಉಜ್ಜಿ ತಿಂದುಬಿಟ್ಟೆ." ಅವರು ಬಾಯಿ ಒರೆಸಿಕೊಂಡರು, ಇನ್ನೂ ಅಂಟಿಕೊಂಡಿದೆಯೇನೋ ಎಂಬಂತೆ. "ನಿಮಗೆ ಒಂದೇ ಒಂದು ಗಳಿಗೆ ಬೇಸರ ಬಂದ್ರೆ ಸಾಕು, ಬರೆದುಬಿಡ್ತೀನಿ. ಊರಲ್ಲಿ ನಿಮಗೆ ಬೇಸರ ತರಿಸೋರು ಯಾರಾದ್ರೂ ಇದಾರಾ?"

ನಾನು ಹೇಳಬೇಕಾಗಲಿಲ್ಲ. ಅವರೂ ಊರಿನವರೇ. "ಹಾಲಪ್ಪನವರನ್ನ ಕರ್ಕೊಂಡು ಬನ್ನಿ," ಎಂದರು.

ಸುದ್ದಿ ಹಬ್ಬಿತು. ಸೀಮೆಎಣ್ಣೆಯ ಸಾಲಿನವರು ಬಂದು ಕೈ ಮುಗಿದರು. ಖಂಡಕಾವ್ಯ ಬರೆಯುತ್ತಿದ್ದ ಇಬ್ಬರು ಕವಿಗಳು, ಕಾವ್ಯ ಮುಗಿಯುವವರೆಗಾದರೂ ಮುಂದೂಡಬೇಕೆಂದು ಬೇಡಿಕೊಂಡರು. ಎಲ್ಲರ ಮಾತನ್ನೂ ಕೊನೆಯವರೆಗೆ ಕೇಳಿದೆ.

ನಮ್ಮ ಯಜಮಾನರೂ ಮಾತಾಡಿದರು. ರೊಟ್ಟಿ ತಟ್ಟಲು ಶುರುಮಾಡಿದಾಗ ಆರಂಭಿಸಿ, ಉಂಡು, ಪಾತ್ರೆ ತೊಳೆದು, ಮೆಣಸಿನಕಾಯಿ ತೊಟ್ಟು ಬಿಡಿಸಿ ಮುಗಿಸುವ ತನಕ ಮಾತಾಡಿದರು. ಅದರ ಸಾರಾಂಶ: ಬೇಡ. ಕೊನೆಯಲ್ಲಿ ಒಂದು ಮೆಣಸಿನಕಾಯಿಯನ್ನು ಸುಮ್ಮನೆ ತಿರುಗಿಸುತ್ತಾ ಕೇಳಿದರು.

"ಮಸಿ ಬಿದ್ದ ಸಾಯಂಕಾಲಾನೇ ಹೊರಡ್ತೀಯೇನೇ ದೇವೀ?"

"ಗೊತ್ತಿಲ್ಲ ಕಣ್ರೀ. ನಿಜವಾಗ್ಲೂ ಗೊತ್ತಿಲ್ಲ. ಹೋಗ್ಬೇಕು ಅನ್ನಿಸಿದ್ರೆ ಹೋಗ್ತೀನಿ. ಅವತ್ತು ಗಂಟು ಕಟ್ಟಿದ ಹೆಂಗಸನ್ನ ಕೇಳದೆ ನಾನು ಹ್ಯಾಗೆ ಮಾತು ಕೊಡಲಿ?"

ಅವರು ಆ ಮೆಣಸಿನಕಾಯಿಯ ತೊಟ್ಟು ಬಿಡಿಸಿ ಮೊರಕ್ಕೆ ಹಾಕಿದರು.

"ಆಗ್ಲಿ, ನಾನೂ ಬರ್ತೀನಿ," ಎಂದರು. "ಇಷ್ಟು ವರ್ಷ ನನ್ನ ಮಾತು ಕೇಳಿದ್ದು ನೀನೋ ಆ ಕೆಂಚಪ್ಪನ ಪದ್ಯಾನೋ, ನನಗೂ ಗೊತ್ತಾಗ್ಬೇಕು."

ರಾಯರ ಮನೆಯ ನಡುಮನೆಯಲ್ಲಿ ಕಿಟಕಿಯ ಹತ್ತಿರ ನನ್ನನ್ನು ಕೂರಿಸಿದರು. ಯಜಮಾನರು ಎದುರು ಮಣೆಯ ಮೇಲೆ. ಕುಮುದಪ್ರಿಯರೂ ಕೋಲೂರಿಕೊಂಡು ಬಂದಿದ್ದರು. ತಲೆ ಬೋಳಾಗಿತ್ತು, ನಶ್ಯ ಬಿಟ್ಟಿರಲಿಲ್ಲ. ರಾಯರು ಭೂತಗನ್ನಡಿ ಹಿಡಿದು, "ಹೂಂ ಹಾಲಪ್ಪನವರೇ, ಉದ್ದವಾದದ್ದು ಯಾವುದಾದ್ರೂ ಹೇಳಿ," ಎಂದರು.

ಅವರು ಹಲ್ಲು ಕೀಳಿಸಿಕೊಳ್ಳಲು ಹೋದ ಕಥೆ ತೆಗೆದರು. ಹಲ್ಲು ಯಾವುದು ಎಂಬುದಕ್ಕೆ ಒಂದಿಷ್ಟು ಹೊತ್ತು, ಅದು ನೋಯಲು ಕಾರಣವಾದ ಕಲ್ಲುಸಕ್ಕರೆ ಯಾರ ಮದುವೆಯದು ಎಂಬುದಕ್ಕೆ ಇನ್ನಷ್ಟು ಹೊತ್ತು. ಆ ಮದುವೆಯಲ್ಲಿ ವರ ಉಂಗುರ ಕಳೆದುಕೊಂಡ. ಉಂಗುರ ಹುಡುಕಲು ಹೋದವರು ಒಂದು ಕೊಡೆ ತಂದರು. ಕೊಡೆ ಯಾರದು? ಕವಿಗಳು ಕೂತಲ್ಲೇ ಹೊರಳಾಡತೊಡಗಿದರು.

"ರೀ ಹಾಲಪ್ಪ, ಹಲ್ಲಿಗೆ ಬರ್ರೀ, ಹಲ್ಲಿಗೆ!"

"ಬಂದೆ ಸ್ವಾಮಿ. ಆ ಕೊಡೆ ಇದೆಯಲ್ಲ, ಅದರ ಹಿಡಿ ಬೆಳ್ಳೀದು..."

"ಅಯ್ಯೋ! ಹನ್ನೊಂದು ನುಡೀಲಿ ನಾನು ಎಲ್ಲಾ ಹೇಳಿ ಮುಗಿಸಿದೆ ಕಣಯ್ಯಾ!"

"ನಿಮ್ಮ ನಲ್ಲ ಕೊನೆಗೂ ಬರಲಿಲ್ಲವಂತಲ್ಲ ಸ್ವಾಮಿ," ಎಂದರು ನಮ್ಮ ಯಜಮಾನರು, ವಿನಯದಿಂದಲೇ. "ನನ್ನ ಹಲ್ಲು ಬಂದೇ ಬರುತ್ತೆ, ತಡೀರಿ."

ಬ್ಲಾಕಿಗೆ ಚಿತ್ರ ಒಯ್ಯಲು ಬಂದು ಬಾಗಿಲಲ್ಲಿ ಕೂತಿದ್ದವನು ಎದ್ದು ಒಮ್ಮೆ ಬೀದಿ ಸುತ್ತಿ ಬಂದ. ಕವಿಗಳು ತಮ್ಮ ಶಲ್ಯದ ಅಂಚನ್ನು ಕಚ್ಚಿಕೊಂಡರು. ನಾನು ಮಾತ್ರ "ಹೂಂ, ಆಮೇಲೆ?" ಎನ್ನುತ್ತಲೇ ಇದ್ದೆ. ಬೇಸರ ಪಡಬೇಕೆಂದು ಮನಸ್ಸಾರೆ ಯತ್ನಿಸಿದೆ. ಸೀನು ಬರಿಸಿಕೊಳ್ಳಲು ಸೂರ್ಯನನ್ನು ನೋಡುವವರ ಹಾಗೆ ಗಂಡನ ಮುಖವನ್ನೇ ದಿಟ್ಟಿಸಿದೆ. ಏನೂ ಬರಲಿಲ್ಲ.

ಆಗ ರಾಯರ ಪೆನ್ಸಿಲ್ಲು ಸರಸರ ಓಡುವ ಸದ್ದು ಕೇಳಿಸಿತು. ನೋಡಿದರೆ ಅವರು ನನ್ನ ಕಡೆ ನೋಡುತ್ತಿಲ್ಲ. ಭೂತಗನ್ನಡಿ ನಮ್ಮ ಯಜಮಾನರ ಮೊಣಕಾಲಿನ ಕಡೆ ಇತ್ತು. ಮೊಣಕಾಲಿನ ಮೇಲೆ ಅವರ ಎಡಗೈ. ಬಾಯಿ ಕೊಡೆಯ ವಿಚಾರ ಹೇಳುತ್ತಿತ್ತು. ಕೈ ಪಂಚೆಯನ್ನು ಹಿಡಿಯುತ್ತಿತ್ತು, ಬಿಡುತ್ತಿತ್ತು, ಮತ್ತೆ ಹಿಡಿಯುತ್ತಿತ್ತು. ಅವರ ಕಣ್ಣು ನನ್ನ ಮೇಲೆ. ಒಂದೊಂದು ವಾಕ್ಯದ ಕೊನೆಗೂ ಆ ಬೆರಳುಗಳು ತುಸು ಮೇಲೆದ್ದು, ನನ್ನ "ಆಮೇಲೆ?" ಬಂದ ಕೂಡಲೇ ಮತ್ತೆ ಕೆಳಗೆ ಬೀಳುತ್ತಿದ್ದವು. ಬೇರೇನೋ ಬರಬೇಕಿತ್ತು, ಬರಲಿಲ್ಲ ಎನ್ನುವ ಹಾಗೆ. ಅಷ್ಟು ವರ್ಷ ಎದುರಿಗೆ ಕೂತಿದ್ದೆ. ಆ ಕೈಯನ್ನು ನಾನು ನೋಡಿಯೇ ಇರಲಿಲ್ಲ.

ಕವಿಗಳು ಬಗ್ಗಿ ನೋಡಿದರು. "ಗಂಡಸಿನ ಕೈ ಕಣ್ರೀ ಇದು!"

"ಎರಡು ಬಳೆ ಹಾಕಿದ್ರೆ ಆಯ್ತು. ನೀವು ಸುಮ್ನೆ ಕೂತ್ಕೊಳ್ಳಿ ಕೆಂಚಪ್ಪನವರೇ, ಇನ್ನೊಂದ್ಸಲ ಬ್ರೆಡ್ಡು ತಿನ್ನೋಕೆ ನನಗೆ ಹಲ್ಲಿಲ್ಲ."

ಬಳೆ ಹಾಕಿದರು. ಲೇಖನಿಯನ್ನು ಮಸಿಯಲ್ಲಿ ಅದ್ದಿ, ಕಣ್ಣನ್ನು ಕಾಗದಕ್ಕೆ ತೀರಾ ಹತ್ತಿರ ತಂದು ತಿದ್ದಿದರು: ಮುಖ, ಜಡೆ, ಸರಳು, ಕೊನೆಗೆ ಆ ಬೆರಳುಗಳು. ಕಿರುಬೆರಳಿನ ಉಗುರಿಗೆ ಮಸಿ ಬಿತ್ತು.

ಮೊದಲು ನನಗೆ ಗೊತ್ತಾದದ್ದು ಕುರ್ಚಿಯ ಒಂದು ಕಾಲು ಗಿಡ್ಡ ಎಂಬುದು. ಆಮೇಲೆ ಮಂಡಿ ನೋವು, ಆಮೇಲೆ ಕವಿಗಳ ನಶ್ಯದ ವಾಸನೆ, ಕೊರಳಲ್ಲಿ ಕಚ್ಚುವ ರವಿಕೆ, ಗೋಡೆಯ ಮೇಲೆ ಓರೆಯಾಗಿ ತೂಗುಹಾಕಿದ ಕ್ಯಾಲೆಂಡರು. ಇಷ್ಟರ ನಡುವೆ ಒಂದು ದನಿ ಬೆಳ್ಳಿ ಹಿಡಿಯ ಕೊಡೆಯನ್ನು ಮಡಿಸುತ್ತಲೇ ಇತ್ತು.

"ನಿಲ್ಲಿಸ್ರೀ ಸಾಕು!" ಎಂದು ಕಿರುಚಿದೆ. "ಹಲ್ಲು ಕಿತ್ರೋ ಇಲ್ವೋ? ಅಷ್ಟು ಹೇಳಿ ಸಾಯ್ರೀ!"

ನಮ್ಮ ಯಜಮಾನರು ಕೆನ್ನೆ ಮುಟ್ಟಿಕೊಂಡರು.

"ಗೊತ್ತಿಲ್ಲ ಕಣೇ," ಎಂದರು. "ಅಲ್ಲೀ ತನಕ ಯಾವತ್ತೂ ಹೋಗೇ ಇಲ್ಲ. ನೀನು ಒಂದ್ಸಲಾನೂ ಸಾಕು ಅನ್ನಲಿಲ್ಲವಲ್ಲ."

ನನಗೆ ಸಿಟ್ಟು ನೆತ್ತಿಗೇರಿತು. ಮೂವತ್ತು ವರ್ಷದ ಸಿಟ್ಟು ಒಟ್ಟಿಗೇ ಬಂದರೆ ಹೇಗಿರುತ್ತದೆ ಎಂದು ಹೇಳಲಾರೆ. ಕವಿಗಳಿಗೆ ನಿಮ್ಮ ಪದ್ಯದಲ್ಲಿ ಜಿಂಕೆ ಯಾಕೆ ಬಂತು ಎಂದು ಕೇಳಿದೆ, ಉತ್ತರಕ್ಕೆ ಕಾಯಲಿಲ್ಲ. ನೀಲಿ ದಾರವನ್ನು ಹಲ್ಲಿನಿಂದ ಕಡಿದು ಬಿಸಾಡಿದೆ. ಮನೆಗೆ ಹೋಗಿ ಎರಡು ಸೀರೆ ಚೀಲಕ್ಕೆ ತುರುಕಿದೆ. ಮಗಳ ಊರಿಗೆ ಹೋಗುವ ಬಸ್ಸು ನಿಂತಿತ್ತು, ಹತ್ತಿ ಕೂತೆ. ಯಜಮಾನರು ಹಿಂದೆಯೇ ಬಂದವರು ಕಿಟಕಿಯ ಕೆಳಗೆ ನಿಂತರು. ಹೋಗಬೇಡ ಎನ್ನಲಿಲ್ಲ. ನಾನೂ ಅವರ ಕಡೆ ನೋಡಲಿಲ್ಲ.

ನಮ್ಮೂರಿನ ಬಸ್ಸುಗಳು ಹೊತ್ತು ನೋಡಿ ಹೊರಡುವುದಿಲ್ಲ, ತುಂಬಿದ ಮೇಲೆ ಹೊರಡುತ್ತವೆ. ಬಸ್ಸಿನಲ್ಲಿ ನಾನು, ಒಂದು ಕೋಳಿ ಬುಟ್ಟಿ, ಬುಟ್ಟಿಯ ಮಾಲೀಕ. ಡ್ರೈವರು ಸ್ಟಿಯರಿಂಗಿನ ಮೇಲೆ ತಲೆಯಿಟ್ಟು ಮಲಗಿದ್ದ. ಕಿಟಕಿ ತೆಗೆದೆ, ಮುಚ್ಚಿದೆ. ಡ್ರೈವರನ್ನು ಬೈದೆ. ಅವನು ಒಂದು ಕಣ್ಣು ತೆರೆದು, "ಏನಜ್ಜಿ, ಯಾವ ಪದ್ಯಕ್ಕೆ ಕೂತಿದ್ದೀರಿ?" ಎಂದ.

"ಯಾವುದಕ್ಕೂ ಇಲ್ಲ. ಇದು ನನ್ನ ಸ್ವಂತದ್ದು!" ಎಂದೆ. ಹಾಗೆ ಹೇಳಿದಾಗ ಆದ ಸಂತೋಷ ಆ ಶಾಲಿನಿಂದಲೂ ಆಗಿರಲಿಲ್ಲ. ಆದರೆ ಸಂತೋಷದಿಂದ ಬಸ್ಸು ಮುಂದಕ್ಕೆ ಹೋಗುವುದಿಲ್ಲವಲ್ಲ. ಕೈ ತಾನಾಗಿಯೇ ಕಿಟಕಿಯ ಸರಳಿನ ಮೇಲೆ ಕುಟ್ಟತೊಡಗಿತು.

ಕೆಳಗೆ ನೋಡಿದೆ. ಯಜಮಾನರು ನಿಂತಲ್ಲಿ ಇರಲಿಲ್ಲ. ಆ ಕಡೆ ಕಡಲೆಕಾಯಿ ಮಾರುವವಳ ಹತ್ತಿರ ಕೈ ಆಡಿಸಿ ಏನೋ ಬೇಡಿಕೊಳ್ಳುತ್ತಿದ್ದರು. ಅವಳು ತಲೆಯಾಡಿಸಿದಳು. ಕ್ಷೌರದಂಗಡಿಗೆ ಓಡಿದರು. ಅರ್ಧ ಗಡ್ಡ ಬೋಳಿಸಿಕೊಂಡಿದ್ದ ಒಬ್ಬನ ತೋಳು ಹಿಡಿದು ಎಳೆದುಕೊಂಡು ಬಂದರು. "ಬನ್ನಿ ಸ್ವಾಮಿ, ಒಳ್ಳೇ ಊರು, ಒಂದ್ಸಲ ನೋಡ್ಕೊಂಡು ಬನ್ನಿ, ಉಳಿದರ್ಧ ಅಲ್ಲಿ ಮಾಡಿಸ್ಕೊಳ್ಳಿ!" ಅವನನ್ನು ಹತ್ತಿಸಿ, ದಾರಿಯಲ್ಲಿ ಹೋಗುತ್ತಿದ್ದ ದಂಪತಿಗಳನ್ನು ಅಡ್ಡಗಟ್ಟಿದರು. ಬೆವರು ಸುರಿಯುತ್ತಿತ್ತು, ಪಂಚೆ ಬಿಚ್ಚಿಕೊಂಡಿತ್ತು. ನನ್ನ ಬಸ್ಸನ್ನು ತುಂಬಿಸುತ್ತಿದ್ದರು ಆ ಮನುಷ್ಯ!

ಚೀಲ ಹಿಡಿದು ದಡದಡ ಇಳಿದೆ. ಹೋಗಿ ಅವರ ಎದುರಿಗೆ ನಿಂತೆ.

"ಏನ್ರೀ ಇದು? ನನ್ನನ್ನ ಊರು ಬಿಡಿಸೋಕೆ ಅಷ್ಟೊಂದು ಅವಸರವಾ ನಿಮಗೆ?"

ಅವರು ಏದುಸಿರು ಬಿಡುತ್ತಾ ನನ್ನನ್ನು ನೋಡಿದರು. ಎದೆಯುಬ್ಬಿಸಿ ಉಸಿರೆಳೆದುಕೊಂಡ ರೀತಿಯಿಂದಲೇ ಗೊತ್ತಾಯಿತು, ಉತ್ತರ ಬಹಳ ದೂರದಿಂದ ಬರಲಿದೆ ಎಂದು.

"ಚಿಕ್ಕದಾಗಿ ಹೇಳ್ರೀ," ಎಂದೆ.

"ನೀನು ಕಾಯೋದು ನೋಡಕ್ಕಾಗಲಿಲ್ಲ ಕಣೇ."

ಮುಂದಿನ ಮಾತಿಗೆಂದು ನಿಂತೆ. ಬರಲಿಲ್ಲ. ಅಷ್ಟೇ ಇದ್ದದ್ದು.

ಬೆನ್ನ ಹಿಂದೆ ಅರ್ಧ ಗಡ್ಡದವನು, "ಎಲ್ಲಿಗೆ ಹೋಗುತ್ತಪ್ಪ ಈ ಬಸ್ಸು?" ಎಂದು ಡ್ರೈವರನ್ನು ಕೇಳುತ್ತಿದ್ದ. ನಾನು ಚೀಲವನ್ನು ಯಜಮಾನರ ಕೈಗೆ ತುರುಕಿ, ಮೊದಲು ಪಂಚೆ ಸರಿಯಾಗಿ ಕಟ್ಟಿಕೊಳ್ಳಿ ಎಂದು ಬೈದು, ಮನೆಯ ಕಡೆ ಬಿರಬಿರನೆ ನಡೆದೆ. ಅವರು ಓಡೋಡಿ ಹಿಂದೆ ಬಂದರು.